ಮರೆತದ್ದು – 35

ಮಾರ್ಚ್ 31, 2025, ಸೋಮವಾರ. ಯುಗಾದಿಯ ಮಾರನೇ ದಿನ, ಹೊಸತೊಡಕು.

ನಾಳೆಯಿಂದ ಹಾಲು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿ, ಮೊಸರೂ ಅಷ್ಟೇ. ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ, ಯಾರದೋ ಪಿಂಚಣಿ-ಗ್ರಾಚ್ಯುಟಿ ಲೆಕ್ಕದಲ್ಲಿ. ಕಸಕ್ಕೂ ಶುಲ್ಕವಂತೆ. ಸದ್ಯಕ್ಕೆ ಅದು ಓನರ್ ತಲೆ ಮೇಲೆ, ನಮ್ಮ ತಲೆಗೆ ಇಳಿಯೋಕೆ ಎಷ್ಟು ಹೊತ್ತು! ಜನವರಿಯಲ್ಲಿ ಬಸ್ಸಿನ ದರ ಏರಿತು. ನನಗೆ ಫ್ರೀ, ಇವರಿಗಲ್ಲ. ಫೆಬ್ರವರಿಯಲ್ಲಿ ಮೆಟ್ರೊ, ಅದು ಇಬ್ಬರಿಗೂ ಬಿತ್ತು.

ಹೊಸತೊಡಕಿನ ದಿನ ಏನು ಮಾಡ್ತೀವೋ ವರ್ಷವಿಡೀ ಅದನ್ನೇ ಮಾಡ್ತೀವಿ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೇ ಊರಲ್ಲಿ ಗಂಡಸರು ಇಸ್ಪೀಟಿಗೆ ಕೂರೋದು. ಇವರು ಮಾತ್ರ ಬೆಳಿಗ್ಗೆ ಮಟನ್ ಅಂಗಡಿ ಕ್ಯೂನಲ್ಲಿ ನಿಂತುಕೊಂಡೇ (ರಂಜಾನೂ ಇವತ್ತೇ, ಕೇಳಬೇಕಾ) ಖರ್ಚು ಬರೆಯೋ ಆ್ಯಪ್ ಒಂದನ್ನ ಇಳಿಸಿಕೊಂಡು, ಇವತ್ತಿಂದ ಮನೆಗೆ ಬಜೆಟ್ಟು ಅಂತ ಘೋಷಿಸಿಬಿಟ್ಟರು. ಸಂಬಳದಲ್ಲಿ ಐವತ್ತು ಪಾಲು ಅಗತ್ಯಕ್ಕೆ, ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿ, ಮಗಳ ಸ್ಕೂಲ್ ಫೀಸು ಎತ್ತಿಟ್ಟರೆ ಆ ಐವತ್ತು ಅಲ್ಲಿಗೇ ಖಲಾಸ್. ಅಕ್ಕಿ-ಬೇಳೆಯನ್ನ ಆಸೆಯ ಲೆಕ್ಕಕ್ಕೆ ಬರೀಬೇಕು.

ಊಟ ಎಲ್ಲಾ ಆದಮೇಲೆ, ಮಾರ್ಚ್ ತಿಂಗಳದ್ದಾದರೂ ತುಂಬಿಸೋಣ ಅಂತ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದೆ. ಒಂದು ಹೆಸರೂ ಗುರುತು ಹತ್ತೋದಿಲ್ಲ. ಹೂವಿನವಳ ಕ್ಯೂಆರ್ ಅವಳ ಮಗನ ಹೆಸರಲ್ಲಿದೆ, ಟೈಲರ್‌ದು ಅವನ ಹೆಂಡತಿ ಹೆಸರಲ್ಲಿ. 140 ರೂಪಾಯಿ ಯಾರೋ ಪುಣ್ಯಾತ್ಮನಿಗೆ ಹೋಗಿದೆ, ಅದು ಸೊಪ್ಪೋ ಚಪ್ಪಲಿ ರಿಪೇರಿಯೋ ದೇವರೇ ಹೇಳಬೇಕು. ಪಿನ್ ಕೇಳದೆ ಯುಪಿಐ ಲೈಟಲ್ಲಿ ಹೋಗೋ ಚಿಲ್ಲರೆಯಂತೂ ಸ್ಟೇಟ್‌ಮೆಂಟಿಗೆ ಬರೋದೇ ಇಲ್ಲ. ಅದಕ್ಕೆ ತುಂಬಿಸಿದ ದುಡ್ಡು ಒಂದು ಸಾಲಲ್ಲಿ ಕಾಣುತ್ತೆ, ಆಮೇಲಿನ ಟೀ, ಬಾಳೆಹಣ್ಣು, ಜೆರಾಕ್ಸ್ ಎಲ್ಲಾ ಮಾಯ.

ಚಿಕ್ಕಮ್ಮ ಪಕ್ಕದಲ್ಲಿ ಹಾಲಿನ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದರು. ಹಬ್ಬಕ್ಕೆ ಮದ್ದೂರಿಂದ ಬಂದವರು ತಮ್ಮ ಲೆಕ್ಕದ ಪುಸ್ತಕವನ್ನೂ ಬ್ಯಾಗಲ್ಲಿ ಹಾಕಿಕೊಂಡು ಬಂದಿದ್ದಾರೆ! ಉದ್ದನೆ ರೂಲ್ ಬುಕ್ಕು, ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ.

"ಇಲ್ಲಿಗೂ ತಂದ್ರಾ?"

"ಹೆಪ್ಪು ಹಾಕ್ಬೇಕಲ್ಲ. ಹಾಲು ಉಗುರುಬೆಚ್ಚಗಾಗೋಗಂಟ ಸುಮ್ನೆ ಏನ್ ಮಾಡ್ಲಿ?"

ಅಷ್ಟೇ ಅವರ ಗುಟ್ಟು. ಎಷ್ಟೋ ವರ್ಷದಿಂದ ರಾತ್ರಿ ಹಾಲು ಕಾಯಿಸಿ, ಇಳಿಸಿ, ಆರೋವರೆಗಿನ ಹೊತ್ತಲ್ಲಿ ಬರೀತಾರೆ. ಬೇರೆ ಟೈಮು ಅಂತ ಇಟ್ಟುಕೊಂಡಿಲ್ಲ, ನೆನಪಿಸೋಕೆ ಅಲಾರಂ ಇಲ್ಲ. ಮೊಸರಿಲ್ಲದೆ ಚಿಕ್ಕಪ್ಪನಿಗೆ ಊಟ ಮುಗಿಯೋದಿಲ್ಲ, ಹಂಗಾಗಿ ಲೆಕ್ಕವೂ ತಪ್ಪೋದಿಲ್ಲ.

ಇವರು ಬಾಗಿಲಲ್ಲಿ ನಿಂತು ತಮ್ಮ ಜ್ಞಾನ ಸೇರಿಸಿದರು. ಜಪಾನಿನಲ್ಲಿ ಹನಿ ಮೊಟೊಕೊ ಅಂತ ಪತ್ರಕರ್ತೆಯೊಬ್ಬರು 1904ರಲ್ಲೇ ಹೆಂಗಸರಿಗಾಗಿ ಮನೆಲೆಕ್ಕದ ಪುಸ್ತಕ ತಂದರಂತೆ, ಕಕೇಬೊ ಅಂತಾರೆ, ಈಗಲೂ ಅಲ್ಲಿ ಬರೀತಾರೆ. ಚಿಕ್ಕಮ್ಮ ಪಾತ್ರೆಗೆ ಬೆರಳಿಟ್ಟು ನೋಡ್ತಾ, "ಆವಮ್ಮನೂ ಹೆಪ್ಪಾಕ್ತಿದ್ಲಾ?" ಅಂದರು. ಇವರು ಹಾಲಿಗೆ ವಾಪಸ್. ಕುಡಿಯೋ ಹಾಲಲ್ಲ, ಟೀವಿ ಇರೋ ಹಾಲು.

ಪುಸ್ತಕ ಇಸ್ಕೊಂಡು ತಿರುವಿ ಹಾಕಿದೆ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಗೃಹಲಕ್ಷ್ಮಿಯ ಎರಡು ಸಾವಿರವನ್ನ ಖಾತೆಗೆ ಬಿದ್ದ ಮೇಲಷ್ಟೇ ಬರೀತಾರೆ, ಬರುತ್ತೆ ಅಂತ ಮೊದಲೇ ಬರೆಯೋ ರೂಢಿ ಇಲ್ಲ. ಬಂದ ಕೂಡಲೇ ಅದರ ಎದುರಿಗೇ "ಪೋಸ್ಟಾಫೀಸು ಆರ್.ಡಿ." ಅಂತ ಕಳೆದೂಬಿಟ್ಟಿದ್ದಾರೆ. ಐದು ವರ್ಷದ್ದು, ತಿಂಗಳು ತಿಂಗಳು ಮೊಮ್ಮಗಳ ಹೆಸರು ಹೇಳಿಕೊಂಡು ಕಟ್ಟೋದು. ಆದರೆ ನಾನು ನಿಂತದ್ದು ಬೇರೆ ಕಡೆ. ನಾಕೈದು ದಿನಕ್ಕೊಂದು ಸಲ, ಕೂಡಿದ ಮೊತ್ತದ ಮೇಲೆ, ಅದೇ ನೀಲಿ ಇಂಕಿನಲ್ಲಿ: ಮರೆತದ್ದು – 12. ಮರೆತದ್ದು – 35. ಒಂದು ಕಡೆ ಮರೆತದ್ದು – 210.

"ಇನ್ನೂರಹತ್ತು ರೂಪಾಯಿ ಎಲ್ಲೋಯ್ತು ಅಂತ ಹುಡುಕ್ಲಿಲ್ವಾ?"

"ಯಾಕುಡುಕ್ಲಿ? ಡಬ್ಬೀಲಿ ಎಷ್ಟದೆ ನೋಡ್ದೆ, ಪುಸ್ತಕ್ದಲ್ಲಿ ಎಷ್ಟಿರ್ಬೇಕು ನೋಡ್ದೆ. ತಾಳೆ ಬರ್ದಿದ್ರೆ ಮರ್ತದ್ದು ಅಂತ ಬರ್ದು ಮುಚ್ಚೋದು. ಅದ್ನೇ ಹಿಡ್ಕೊಂಡು ಕುಂತ್ರೆ ಹಾಲು ತಣ್ಣಗಾಯ್ತದೆ."

ನಮ್ಮ ಆಫೀಸಲ್ಲಿ ಬಜೆಟ್ ಶುರು ಮಾಡಿ ಕೈಬಿಟ್ಟವರ ಕತೆ ಬೇಕಾದಷ್ಟು ಕೇಳಿದ್ದೀನಿ. ಯಾರೂ ಸೋಮಾರಿಗಳಲ್ಲ. ಒಂದು ರಾತ್ರಿ ಲೆಕ್ಕ ತಾಳೆ ಬರಲ್ಲ, ನಾಳೆ ಸರಿಮಾಡೋಣ ಅಂತ ಬಿಡ್ತಾರೆ. ನಾಳೆಗೆ ಎರಡು ದಿನದ್ದು ಸೇರಿರುತ್ತೆ, ವಾರಕ್ಕೆ ಬೆಟ್ಟ. ಚಿಕ್ಕಮ್ಮನ ಪುಸ್ತಕದಲ್ಲಿ ಆ ರಾತ್ರಿಗೇ ಒಂದು ಸಾಲು ಇದೆ. ಆ್ಯಪಿನಲ್ಲಿ ಬಣ್ಣಬಣ್ಣದ ಹದಿನಾರು ಖಾನೆ ಇವೆ, ಇದೊಂದು ಇಲ್ಲ.

ಹಾಗೇ ಹಿಂದಕ್ಕೆ ಹೋದೆ. ಚಿಕ್ಕಪ್ಪ ಮೈಸೂರಲ್ಲಿ ಆಸ್ಪತ್ರೆಗೆ ಸೇರಿದ್ದ ತಿಂಗಳು ಬಂತು. ಪುಟಗಳು ಬರಿದು ಬರಿದು. ಆಟೊ. ಮಾತ್ರೆ. ಇಡ್ಲಿ 1 ಪ್ಲೇಟು. ಎಳನೀರು 2. ಮರುದಿನ ಎಳನೀರು 2. ಮತ್ತೆ ಎಳನೀರು 2. ಆಮೇಲೊಂದು ದಿನ ಎಳನೀರು 1. ಅಲ್ಲಿಂದ ಮುಂದಕ್ಕೆ ಒಂದೊಂದೇ. ನನಗೆ ಗಂಟಲು ಕಟ್ಟಿಬಿಟ್ಟಿತು, ತಲೆ ಎತ್ತೋಕಾಗಲಿಲ್ಲ. ಚಿಕ್ಕಮ್ಮ ಬಗ್ಗಿ ನೋಡಿ, "ಓ ಅದಾ, ಕಿಡ್ನಿಗೆ ಎಳ್ನೀರು ಆಗಲ್ಲ, ನಿಲ್ಸಿ ಅಂದ್ರು ಡಾಕ್ಟ್ರು. ಅವರ್ಗೆ ನಿಲ್ಸ್ದೆ. ನಾನ್ಯಾಕ್ ಬುಡ್ಲಿ?" ಅಂದರು. ಅಷ್ಟೊತ್ತಿಗೆ ಸರಿಯಾಗಿ ಆ ಕಡೆಯಿಂದ ಚಿಕ್ಕಪ್ಪ, ಮಧ್ಯಾಹ್ನದ ಚಾಪ್ಸ್ ಏನಾದ್ರೂ ಉಳಿದಿದೆಯಾ ಅಂತ ಕೂಗಿದರು. ಅವರಿಗೆ ಅದೂ ಹೆಚ್ಚು ಕೊಡಂಗಿಲ್ಲ. ಇಲ್ಲ ಅಂತ ಸುಳ್ಳು ಹೇಳಿದ್ವಿ ಇಬ್ಬರೂ, ಒಂದೇ ಬಾಯಲ್ಲಿ.

ಈಗ ಹನ್ನೊಂದೂವರೆ. ಎಲ್ಲರೂ ಮಲಗಿದ್ದಾರೆ. ನಮ್ಮ ಮನೇಲಿ ಮೊಸರು ಪ್ಯಾಕೆಟ್ಟು, ಹೆಪ್ಪಿನ ಹೊತ್ತು ಅಂತ ಇಲ್ಲ. ರಾತ್ರಿ ತಪ್ಪದೆ ನಡೆಯೋದು ಅಂದ್ರೆ ಮಗಳ ಟೈಮ್‌ಟೇಬಲ್ ನೋಡಿ ಬ್ಯಾಗ್ ಜೋಡಿಸೋದು. ರಜೆ ಶುರುವಾದರೆ ಅದೂ ನಿಲ್ಲುತ್ತೆ. ಕುಕ್ಕರಿಗೆ ಕಾಳು ನೆನೆಹಾಕೋ ಹೊತ್ತು? ಅದು ದಿನಾ ಇಲ್ಲ. ಪಿಪಿಎಫ್ ಉಳಿತಾಯ ಖಾತೆಗೆ ಐದನೇ ತಾರೀಕಿನೊಳಗೆ ಹಾಕಿದರೆ ಏಪ್ರಿಲ್ ತಿಂಗಳ ಬಡ್ಡಿಯೂ ಸಿಗುತ್ತೆ, ಇವರಿಗೆ ನೆನಪಿಸಬೇಕು.

ಮಗಳ ಹಳೇ ನೋಟ್‌ಬುಕ್ಕಲ್ಲಿ ಉಳಿದಿದ್ದ ಹಾಳೆಗೆ ಗೀಟು ಹಾಕಿದ್ದಾಯ್ತು. ಮಟನ್, ಹೂವು, ಬೇವು-ಮಾವು, ಚಿಕ್ಕಪ್ಪನ ಮಾತ್ರೆ. ಮೆಟ್ರೊ ಕಾರ್ಡಿಗೆ 500. ಅದು ಇವತ್ತು ಹೋದ ದುಡ್ಡೋ, ಓಡಾಡಿದ ದಿನ ಹೋಗೋ ದುಡ್ಡೋ? ಹಾಕಿದ್ದನ್ನೇ ಖರ್ಚು ಅಂತ ಬರೆದರೆ ಯುಪಿಐ ಲೈಟ್‌ಗೆ ತುಂಬಿಸಿದ್ದೂ ಹಾಗೇ ಆಗಬೇಕು, ಆಗ ಟೀಯನ್ನ ಮತ್ತೆ ಬರೆಯೋ ಹಾಗಿಲ್ಲ. ಬರೀದೆ ಇದ್ದರೆ ಟೀಗೆ ಎಷ್ಟು ಹೋಯ್ತು ಅಂತ ಗೊತ್ತಾಗೋದು ಹೆಂಗೆ? ಚಿಕ್ಕಮ್ಮನಿಗೆ ಡಬ್ಬಿ ಒಂದೇ, ನನಗೆ ಎಣಿಸಿದರೆ ಬ್ಯಾಂಕು ಎರಡು, ಪರ್ಸು, ಕಾರ್ಡು, ಫೋನು, ಮತ್ತೆ ಆಟೊ ಚಿಲ್ಲರೆಗೆ ಅಂತ ಫ್ರಿಜ್ ಮೇಲಿಟ್ಟಿರೋ ದುಡ್ಡು.