ಹ್ಯಾಟನ್‌ನ ಟೀ ತೋಟದಿಂದ ಸುಳ್ಯದ ರಬ್ಬರ್ ತೋಟಕ್ಕೆ

ಶ್ರೀಲಂಕಾದಿಂದ ಬಂದ ಮೇಲೆ ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಾರೆ, ಮಿಷನ್ ಟ್ರಿಪ್ (ಚರ್ಚಿನ ಕಡೆಯಿಂದ ಸೇವೆಗೆ ಹೋಗುವ ಪ್ರವಾಸ) ಹೇಗಾಯ್ತು ಅಂತ. ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನಿಂದ ನಾವು ಕೆಲವರು ಹೋದದ್ದು ಶ್ರೀಲಂಕಾದ ಬೆಟ್ಟದ ಊರು ಹ್ಯಾಟನ್ ಹತ್ತಿರದ ಒಂದು ಟೀ ಎಸ್ಟೇಟಿಗೆ. ಬೆಂಗಳೂರಿನಿಂದ ಕೊಲಂಬೊ, ಅಲ್ಲಿಂದ ಬೆಟ್ಟ ಹತ್ತುವ ರೈಲು. ಅಲ್ಲಿನ ಚರ್ಚಿನ ಸಭೆಯವರೇ ಕರೆದಿದ್ದರು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸು, ಅಂದರೆ ತುಳುವರ ಹೊಸ ವರ್ಷ ಬರುವ ಹೊತ್ತಿಗೇ ಅಲ್ಲಿ ತಮಿಳರಿಗೂ ಸಿಂಹಳೀಯರಿಗೂ ಹೊಸ ವರ್ಷ, ಶಾಲೆಗಳಿಗೆ ರಜೆ. ಆ ರಜೆಯಲ್ಲಿ ತೋಟದ ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡೆಸಲು ಸಹಾಯ ಮಾಡುವುದು ನಮ್ಮ ಕೆಲಸ.

ತೋಟದ ಜನ ಇರುವುದು ಲೈನ್ ಮನೆಗಳಲ್ಲಿ. ಒಂದೇ ಸೂರಿನ ಕೆಳಗೆ ಸಾಲಾಗಿ ಚಿಕ್ಕ ಚಿಕ್ಕ ಮನೆಗಳು. ಬೆಳಿಗ್ಗೆ ಅಮ್ಮಂದಿರು ಟೀ ಎಲೆ ಕೊಯ್ಯಲು ಹೊರಟ ಮೇಲೆ ಮಕ್ಕಳು ಬರುತ್ತಿದ್ದರು, ಸ್ವಲ್ಪ ದೊಡ್ಡವರ ಸೊಂಟದಲ್ಲಿ ಇನ್ನೂ ಚಿಕ್ಕವರು. ಹಾಡು, ಆ್ಯಕ್ಷನ್ ಸಾಂಗ್, ಕಥೆ, ಬಣ್ಣದ ಕಾಗದದ ಕೆಲಸ, ಆಮೇಲೆ ಊಟ. ನಮ್ಮ ಊರಿನ ವಿಬಿಎಸ್ ನೋಡಿದವರಿಗೆ ಇದೆಲ್ಲ ಗೊತ್ತಿದ್ದದ್ದೇ.

ಒಂದು ದಿನ ಐದು ರೊಟ್ಟಿ ಎರಡು ಮೀನಿನ ಕಥೆ ಹೇಳಿದೆವು, ಒಬ್ಬ ಹುಡುಗನ ಬುತ್ತಿಯಿಂದ ಯೇಸು ಸಾವಿರಾರು ಜನರಿಗೆ ಊಟ ಕೊಟ್ಟ ಬೈಬಲ್ ಕಥೆ. ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು, ಆ ಹುಡುಗನಿಗೆ ಬುತ್ತಿ ಕಟ್ಟಿಕೊಟ್ಟದ್ದು ಯಾರು? ಅಮ್ಮ ಇರಬೇಕು ಅಂತ ನಾನು ಹೇಳುವಷ್ಟರಲ್ಲಿ ಅವಳೇ ಹೇಳಿದಳು, "ಇಲ್ಲ, ಅಜ್ಜಿ ಕಟ್ಟಿದ್ದು." ಅವಳ ಅಮ್ಮ ಗಲ್ಫಿನಲ್ಲಿ ಮನೆಕೆಲಸಕ್ಕೆ ಹೋಗಿದ್ದಾರೆ. ಆ ತೋಟಗಳಿಂದ ತುಂಬಾ ಹೆಂಗಸರು ಹೀಗೆ ಹೋಗುತ್ತಾರೆ. ಗಲ್ಫಿನ ಫೋನಿಗೆ ಕಾಯುವ ಮನೆಗಳು ನಮ್ಮ ಊರಿಗೆ ಹೊಸತಲ್ಲ ಅಲ್ವಾ, ಆದರೆ ಅಷ್ಟು ಚಿಕ್ಕ ಮಗು ಬೈಬಲ್ ಕಥೆಯ ಒಳಗೆ ಹೋಗಿ ತನ್ನ ಅಜ್ಜಿಯನ್ನು ಕೂರಿಸಿ ಬಂದದ್ದನ್ನು ನಾನು ಚರ್ಚಿನ ಯಾವ ಪ್ರಸಂಗದಲ್ಲೂ ಕೇಳಿರಲಿಲ್ಲ.

ಈ ಎಲ್ಲ ಮಕ್ಕಳನ್ನು ವರ್ಷವಿಡೀ ನೋಡಿಕೊಳ್ಳುವವರು ಅದೇ ತೋಟದ ಒಬ್ಬ ಅಕ್ಕ. ಸಂಡೇ ಸ್ಕೂಲ್ ಅವರದ್ದೇ, ಸಂಜೆ ಟ್ಯೂಷನ್ ಕೂಡ. ಯಾವ ಮಗು ಬೆಳಿಗ್ಗೆ ತಿನ್ನದೆ ಬಂದಿದೆ, ಯಾರ ಮನೆಯಲ್ಲಿ ರಾತ್ರಿ ಗಲಾಟೆ ಆಗಿದೆ, ಮುಖ ನೋಡಿದರೆ ಸಾಕು ಅವರಿಗೆ. ನಾವು ತಂದ ಚಾಕೊಲೇಟನ್ನು ಮೊದಲ ದಿನವೇ ಅವರು ತೆಗೆದು ಇಟ್ಟುಕೊಂಡರು. "ನೀವು ಕೊಟ್ಟು ಹೋಗ್ತೀರಿ, ಆಮೇಲೆ ದಿನಾ ನನ್ನ ಹತ್ತಿರ ಕೇಳ್ತಾರೆ. ನಾನೇ ಕೊಡ್ತೇನೆ, ಮೆಲ್ಲ ಮೆಲ್ಲ." ಅವರಿಗೆ ಬೇಕಾಗಿದ್ದದ್ದು ಬೇರೆ. ದೊಡ್ಡ ಹುಡುಗಿಯರಿಗೆ ಕಥೆ ಹೇಳಲು ಕಲಿಸಿ ಅಂದರು. ಹಾಗಾಗಿ ಸಂಜೆ ಹೊತ್ತು ಅವರ ಜೊತೆ ಕೂತೆವು. ಇಡೀ ಟ್ರಿಪ್ಪಿನಲ್ಲಿ ಅತಿ ಉಪಯೋಗದ ಕೆಲಸ ಅದೇ ಅಂತ ನನ್ನ ಅಭಿಪ್ರಾಯ.

ಹೊರಡುವ ದಿನ ಮಕ್ಕಳು ಅತ್ತರು, ನಾವೂ ಅತ್ತೆವು. ಮತ್ತೆ ಯಾವಾಗ ಬರ್ತೀರಿ ಅಂತ ಕೇಳುವ ಮಗುವಿಗೆ ಮುಂದಿನ ವರ್ಷ ಅಂತ ಸುಮ್ನೆ ಹೇಳಬಾರದು. ನಾವು ವಿಮಾನ ಹತ್ತಿದ ಮೇಲೆ ಮರೆಯಬಹುದು, ಮಗು ಮರೆಯುವುದಿಲ್ಲ. ಫೋಟೋ ವಿಷಯವೂ ಅಷ್ಟೇ. ನನ್ನ ಮಗಳ ಮುಖವನ್ನು ಗೊತ್ತಿಲ್ಲದವರು ಸ್ಟೇಟಸ್‌ಗೆ ಹಾಕಿದರೆ ನಾನು ಸುಮ್ಮನಿರುತ್ತೇನಾ? ಅದಕ್ಕೇ ಇಲ್ಲಿ ಒಂದು ಫೋಟೋವೂ ಇಲ್ಲ.

ಅಷ್ಟು ದುಡ್ಡು ಖರ್ಚು ಮಾಡಿ ಹೋಗುವ ಬದಲು ಅದನ್ನೇ ಕಳಿಸಬಹುದಿತ್ತಲ್ಲ ಅಂತ ಒಬ್ಬರು ಆಂಟಿ ಕೇಳಿದರು. ನ್ಯಾಯವಾದ ಪ್ರಶ್ನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿ ಹೆಬಿಕ್ ಮತ್ತು ಜೊತೆಗಾರರು ಹಡಗಿನಲ್ಲಿ ಬಂದು ಮಂಗಳೂರು ಮುಟ್ಟಿದರು. ಹೆಬಿಕ್ ಊರಿಗೆ ಮರಳಿದ್ದು 1859ರಲ್ಲಿ. 1836ರಲ್ಲಿ ಬಂದ ಅದೇ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತರುವಷ್ಟು ಕನ್ನಡ ಕಲಿತರು. ಅವರು ಉಳಿದದ್ದರಿಂದಲೇ ನಮ್ಮ ಶಾಲೆ, ನಮ್ಮ ಸಭೆ ಎಲ್ಲ ಆಯ್ತು. ರಜೆ ಹಾಕಿ ಹೋಗುವ ನಮ್ಮಿಂದ ಅಂಥದ್ದು ಆಗುವುದಿಲ್ಲ. ಆದರೆ ಉಳಿದಿರುವ ಅಕ್ಕನ ಕೈಕೆಳಗೆ ನಿಂತು ಅವರು ಹೇಳಿದ ಕೆಲಸ ಮಾಡಿ ಬರಬಹುದು. ಅಷ್ಟಕ್ಕಾದರೆ ಹೋಗಬೇಕು ಅಂತಲೇ ನಾನು ಹೇಳುವುದು.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಈ ಮಕ್ಕಳ ಹಿರಿಯರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದವರು. ಮೊದಲು ಕಾಫಿ ತೋಟಕ್ಕೆ, ಕಾಫಿಗೆ ರೋಗ ಬಿದ್ದ ಮೇಲೆ ಟೀ ತೋಟಕ್ಕೆ. 1948ರ ಪೌರತ್ವ ಕಾನೂನಿನಿಂದ ಅವರಲ್ಲಿ ಹೆಚ್ಚಿನವರು ಯಾವ ದೇಶದವರೂ ಅಲ್ಲದ ಹಾಗಾಯ್ತು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡು ಲಕ್ಷಗಟ್ಟಲೆ ಜನರನ್ನು ಭಾರತಕ್ಕೆ ಕಳಿಸುವುದು ಅಂತಾಯ್ತು. ಒಂದು ಸಂಜೆ ಟೀ ಕುಡಿಯುತ್ತಾ ಅಕ್ಕ ಕೇಳಿದರು, "ನಿಮ್ಮ ಊರಿಂದ ಸುಳ್ಯ ಎಷ್ಟು ದೂರ?" ನನಗೆ ಆಶ್ಚರ್ಯ. ಅವರ ಅಜ್ಜಿಯ ತಂಗಿಯ ಮನೆಯವರು ಆಗ ಬಂದು ಸೇರಿದ್ದು ಸುಳ್ಯದ ರಬ್ಬರ್ ತೋಟಕ್ಕಂತೆ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹೀಗೆ ಬಂದ ಕುಟುಂಬಗಳು ಇವೆ ಅಂತ ನಮಗೆಲ್ಲ ಗೊತ್ತು. ಬಸ್ಸಲ್ಲಿ ಆ ದಾರಿಯಾಗಿ ಹೋಗುವಾಗ ಕಿಟಕಿಯಿಂದ ರಬ್ಬರ್ ಮರ ನೋಡಿದ್ದೇವೆ, ಅಷ್ಟೇ. ಅಲ್ಲಿನ ಮಕ್ಕಳನ್ನು ನಮ್ಮಲ್ಲಿ ಎಷ್ಟು ಜನ ಮಾತಾಡಿಸಿದ್ದೇವೆ?

ಬಂದ ಮೇಲೆ ಸಭಾಪಾಲಕರ ಹತ್ತಿರ ಮಾತಾಡಿ ಸುಳ್ಯಕ್ಕೆ ಹೋದೆವು. ಆ ಮನೆಯವರು ಸಿಕ್ಕರು. ಅಜ್ಜಿ ಈಗ ಇಲ್ಲ, ಅವರ ಮಗ ಇದ್ದಾರೆ. ವಿಡಿಯೋ ಕಾಲ್ ಮಾಡಿ ಅಕ್ಕನ ಜೊತೆ ಮಾತಾಡಿಸಿದೆವು, ಎರಡೂ ಕಡೆಯವರು ಒಟ್ಟಿಗೇ ಮಾತಾಡಿ ಯಾರು ಏನು ಹೇಳಿದರು ಅಂತ ಕೇಳಿಸಲೇ ಇಲ್ಲ. ಅಲ್ಲಿನ ಮಕ್ಕಳಿಗೆ ಶಾಲೆ ಪಾಠಕ್ಕೆ ಸಹಾಯ ಬೇಕು, ಗಣಿತ ಮತ್ತು ಇಂಗ್ಲಿಷ್‌ಗೆ ಜಾಸ್ತಿ. ತಿಂಗಳಿಗೆ ಎರಡು ಶನಿವಾರ ಹೋಗುವುದು ಅಂತ ಮಾಡಿದ್ದೇವೆ. ನಡುವೆ ಬಿಡದೆ ಬರಲು ಆಗುವವರು ಮಾತ್ರ ಹೆಸರು ಕೊಡಿ. ಬೆಳಿಗ್ಗೆ ಏಳಕ್ಕೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಡುತ್ತೇವೆ, ಬುತ್ತಿ ನೀವೇ ತರಬೇಕು.