ಹಿಂಬದಿಯ ಚಿಕ್ಕ ಗಾಜು

ಕಾರಿನ ಹಿಂಬದಿಯ ಪಕ್ಕದಲ್ಲಿ, ಇಳಿಸಲಾಗದಂತೆ ಕೂರಿಸಿರುವ ತ್ರಿಕೋನಾಕಾರದ ಚಿಕ್ಕ ಗಾಜನ್ನು ಇಂದು ಶಿವಮೊಗ್ಗದಲ್ಲಿ ಬದಲಾಯಿಸಿಕೊಂಡೆ. ತೀರ್ಥಹಳ್ಳಿ ರಸ್ತೆಯಲ್ಲಿ ಸಿಡಿದ ಜಲ್ಲಿಕಲ್ಲೊಂದು ತಾಗಿ ಅದು ಪುಡಿಯಾಗಿತ್ತು. ಮುಂಗಾಜಿನ ಹಾಗೆ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಗಾಜಲ್ಲ ಇದು. ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ್ದಾದ್ದರಿಂದ ಬಿರುಕಿಗೆ ನಿಲ್ಲದೆ, ಕಲ್ಲುಸಕ್ಕರೆಯಂತಹ ಹರಳುಗಳಾಗಿ ಸೀಟಿನ ಸಂದುಗೊಂದಿಗಳಿಗೆಲ್ಲ ಇಳಿದಿತ್ತು.

ನನ್ನ ಮನಸ್ಸನ್ನು ಸೆಳೆದದ್ದು ಕೆಲಸ ಮಾಡಿದವರ ತಾಳ್ಮೆ. ಹಳೆಯ ಅಂಟನ್ನು ಅವರು ಪೂರ್ತಿ ಕಿತ್ತುಹಾಕಲಿಲ್ಲ. ಒಂದೆರಡು ಮಿಲಿಮೀಟರ್ ದಪ್ಪದ ಪದರವನ್ನು ಉಳಿಸಿಕೊಂಡು ನಯವಾಗಿ ಕೆತ್ತಿದರು, ಏಕೆಂದರೆ ಹೊಸ ಯುರೆಥೇನ್ ಅಂಟು ಹಾಗೆ ಕೆತ್ತಿದ ಹಳೆಯ ಅಂಟನ್ನೇ ಚೆನ್ನಾಗಿ ಹಿಡಿಯುತ್ತದೆ. ಚಾಕು ತಾಗಿ ಬಣ್ಣ ಎದ್ದ ಕಡೆಗೆಲ್ಲ ಪ್ರೈಮರ್ ಬಳಿದರು. ನಮ್ಮ ಮಲೆನಾಡಿನ ಮಳೆಗೆ ಅಂತಹ ಒಂದು ಗೀರು ಸಾಕು, ತುಕ್ಕು ಒಳಗೊಳಗೇ ಹಬ್ಬಿಬಿಡುತ್ತದೆ. ಅಂಟು ಹಚ್ಚುವಾಗ ಚೌಕಟ್ಟು ಒಣಗಿರಲೇಬೇಕು, ಆದರೆ ಹಚ್ಚಿದ ಮೇಲೆ ಅದು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದಲೇ ಎಂಬ ಸಂಗತಿ ನನಗೆ ಬಹಳ ಹಿಡಿಸಿತು. ಆಷಾಢದಲ್ಲಿ ಒಂದು ಬಟ್ಟೆಯನ್ನೂ ಒಣಗಲು ಬಿಡದ ನಮ್ಮ ಥಂಡಿ ಗಾಳಿ ಇಲ್ಲಿ ಉಪಕಾರಿ.

ನಾಳೆಯವರೆಗೆ ಬಾಗಿಲನ್ನು ದಢಾರನೆ ಹಾಕಬಾರದೆಂದೂ, ಒಳಗಿನ ಗಾಳಿಯ ಒತ್ತಡ ಹೊಸ ಗಾಜಿನ ಮೇಲೆ ಬೀಳದಂತೆ ಒಂದು ಕಿಟಕಿಯನ್ನು ತುಸು ಇಳಿಸಿಡಬೇಕೆಂದೂ ಹೇಳಿ ಕಳುಹಿಸಿದ್ದಾರೆ.