ಜೀಪ್ ಪಿಕಪ್‌ಗೆ ಬೇರೆ ಕ್ರೌನ್ ಪಿನಿಯನ್: ದೀಪಾವಳಿಯಿಂದ ಎಳ್ಳಮಾವಾಸ್ಯೆವರೆಗೆ

ದೀಪಾವಳಿ ಮುಗಿದ ವಾರ

ಗಾಡಿ ಅಪ್ಪನದು. ಉದ್ದ ಚಾಸಿಯ ಹಳೇ ಮಹೀಂದ್ರಾ ಜೀಪ್, ಹಿಂದೆ ಲೋಡ್ ಬಾಡಿ ಕೂರಿಸಿದ ಪಿಕಪ್. 2.5 ಲೀಟರ್ ಡೀಸೆಲ್ ಎಂಜಿನ್, ನಾಲ್ಕೇ ಗೇರು, ಓಟ ಹಿಂದಿನ ಗಾಲಿಗಳಿಗೆ ಮಾತ್ರ. ತೊಗರಿ ಚೀಲ ಹೇರಿದರೂ ಹೊಲದಿಂದ ಗೊಣಗದೆ ಮೇಲೆ ಬರುತ್ತದೆ. ಆದರೆ ಜೇವರ್ಗಿ ರಸ್ತೆಗೆ ಇಳಿದು 60 ದಾಟಿಸಿದರೆ ಎಂಜಿನ್ ಅರಚುತ್ತದೆ. ಪಕ್ಕದಲ್ಲಿ ಕೂತವರ ಮಾತು ಕೇಳಿಸೋದಿಲ್ಲ. ಇದು ಹೆಂಡತಿಗೆ ದೂರು. ಅಪ್ಪನಿಗೆ ಇದೇ ಅನುಕೂಲ.

ಅರಚಾಟಕ್ಕೆ ಮದ್ದು ಹಿಂದಿನ ಆಕ್ಸಲ್‌ನಲ್ಲಿದೆ. ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸೋ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸೋ ದೊಡ್ಡದು ಕ್ರೌನ್. ಈ ಜೋಡಿ ಬದಲಿಸೋಣ ಅಂದುಕೊಂಡೆ. ಹಿಂದಿನ ಮಾಲೀಕರು ಎಲ್ಲಿಂದಲೋ ತಂದ ಹೌಸಿಂಗ್, ಅಂದರೆ ಈ ಹಲ್ಲುಗಳು ಕೂರುವ ಆಕ್ಸಲ್ ಪೆಟ್ಟಿಗೆ, ಹಾಕಿದ್ದಾರೆ. ಅದರ ರೇಶಿಯೋ, ಅಂದರೆ ಕ್ರೌನ್ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅಂತ, ಗೊತ್ತಿರಲಿಲ್ಲ. ಬಿಚ್ಚದೆ ತಿಳಿಯೋಣ ಅಂತ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಒಂದು ಬದಿ ಜಾಕ್ ಎತ್ತಿದೆ. ಪ್ರೊಪೆಲ್ಲರ್ ಶಾಫ್ಟ್‌ಗೆ ಸುಣ್ಣದ ಗೆರೆ ಎಳೆದು, ಎತ್ತಿದ ಗಾಲಿಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದೆ. ಶಾಫ್ಟ್ ತಿರುಗಿದ್ದು ಎರಡೂಮುಕ್ಕಾಲಿಗೆ ಚೂರು ಕಡಿಮೆ. ಅಂದರೆ 2.7! ಇಷ್ಟು ಕಡಿಮೆ ರೇಶಿಯೋ ಇದ್ದೂ ಎಂಜಿನ್ ಯಾಕೆ ಅರಚಬೇಕು ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ.

ಸಂಜೆ ನಮ್ಮ ಓಣಿಯ ಉಸ್ತಾದ್ ಬಂದು ನೋಡಿ ನಕ್ಕರು. "ಒಂದ್ ಗಾಲಿ ನೆಲಾ ಹಿಡ್ಕೊಂಡದ ಅಲ್ರೀ. ಆವಾಗ ಇನ್ನೊಂದು ಎರಡ್ ಸಲ ತಿರುಗಿದ್ರ ಕ್ರೌನ್ ಒಂದ್ ಸಲ ತಿರುಗ್ತದ."

ಕ್ರೌನ್‌ನ ಓಟವನ್ನು ಎರಡು ಗಾಲಿಗೆ ಹಂಚೋ ಡಿಫರೆನ್ಷಿಯಲ್ ಮಾಡೋ ಕೆಲಸವೇ ಅದು. ಎರಡು ಗಾಲಿಗಳ ಸುತ್ತಿನ ಸರಾಸರಿ ಯಾವಾಗಲೂ ಕ್ರೌನ್‌ನ ಸುತ್ತಿಗೆ ಸಮ. ಒಂದು ನಿಂತರೆ ಇನ್ನೊಂದು ದುಪ್ಪಟ್ಟು ತಿರುಗುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣಿನಲ್ಲಿ ಒಂದೇ ಗಾಲಿ ಗಿರಗಿರ ತಿರುಗಿ ಗಾಡಿ ನಿಂತಲ್ಲೇ ನಿಲ್ಲೋದೂ ಇದಕ್ಕೇ. ಹಾಗಾಗಿ 2.7ರ ಎರಡು ಪಟ್ಟು, ಸುಮಾರು 5.4. ಆಮೇಲೆ ಕವರ್ ತೆಗೆದು ಹಲ್ಲು ಎಣಿಸಿದಾಗ ಕ್ರೌನ್ 43, ಪಿನಿಯನ್ 8. ಲೆಕ್ಕಕ್ಕೆ 5.375. ಹಳೇ ವಿಲ್ಲಿಸ್ ಸಿಜೆ ಜೀಪುಗಳ ಕಾಲದ ಜೋಡಿ ಇದು.

ಲೆಕ್ಕ

ಟೈರಿಗೆ ಸುಣ್ಣ ಹಚ್ಚಿ ಗಾಡಿ ಉರುಳಿಸಿ ಅಳೆದೆ. ಒಂದು ಸುತ್ತಿಗೆ 2.2 ಮೀಟರ್. ನಾಲ್ಕನೇ ಗೇರು ನೇರ, ಅಂದರೆ ಎಂಜಿನ್ ಒಂದು ಸುತ್ತಿಗೆ ಶಾಫ್ಟ್ ಒಂದು ಸುತ್ತು. ಈ ಲೆಕ್ಕದಲ್ಲಿ 80ರ ವೇಗಕ್ಕೆ ಎಂಜಿನ್ 3,250 ಆರ್‌ಪಿಎಂ ದಾಟುತ್ತದೆ. 41-9ರ ಜೋಡಿ ಹಾಕಿದರೆ, ಅಂದರೆ 4.56, ಅದೇ 80ಕ್ಕೆ 2,760 ಸಾಕು.

41-11ರ ಆಸೆಯೂ ಆಗಿತ್ತು, ಅದು 3.73. ಎರಡು ಕಾರಣಕ್ಕೆ ಬಿಟ್ಟೆ. ನನ್ನದು ಡಾನಾ 44 ಅನ್ನೋ ಆಕ್ಸಲ್ ನಮೂನೆಯ ಹೌಸಿಂಗ್. ಇದರಲ್ಲಿ 3.73 ಮತ್ತು ಅದಕ್ಕಿಂತ ಕೆಳಗಿನದಕ್ಕೆ ಒಂದು ಕೇಸ್ (ಕ್ರೌನ್ ಕೂರುವ ಡಿಫರೆನ್ಷಿಯಲ್ ಗೂಡು), 3.92 ಮತ್ತು ಮೇಲಿನದಕ್ಕೆ ಇನ್ನೊಂದು. ಪಿನಿಯನ್ ದಪ್ಪ ಆದಂತೆ ಕ್ರೌನ್ ಅತ್ತ ಸರಿಯಬೇಕಲ್ವಾ, ಅದಕ್ಕೆ. ಎರಡನೇ ಕಾರಣ ಅಪ್ಪ. 4.56ಕ್ಕೇ ಗಾಲಿಗೆ ಸಿಗೋ ಎಳೆತ ನೂರಕ್ಕೆ 15ರಷ್ಟು ಇಳಿಯುತ್ತದೆ. 3.73 ಹಾಕಿದರೆ 30 ಇಳಿಯುತ್ತದೆ, ಆಮೇಲೆ ಚೀಲಗಳನ್ನು ನಾನೇ ಹೊರಬೇಕಾಗುತ್ತದೆ. ಅಂದ ಹಾಗೆ ನಿಮ್ಮದು ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೋ ಹಾಕಲೇಬೇಕು, ಖರ್ಚು ಎರಡರಷ್ಟು.

ಗುಜರಿಯ ಮೂರು ಭಾನುವಾರ

ಮೊದಲು ಸಿಕ್ಕ ಜೋಡಿ ಹೊಳೆಯುತ್ತಿತ್ತು. ಕೊಂಡೆ. ಮನೆಗೆ ತಂದು ಒರೆಸಿ ನೋಡಿದರೆ ಕ್ರೌನ್ ಮೇಲೆ ಕೆತ್ತಿದ ನಂಬರ್ ಬೇರೆ, ಪಿನಿಯನ್ ಮೇಲೆ ಬೇರೆ. ಇವೆರಡನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಗಂಡ ಇನ್ನೊಂದರ ಹೆಂಡತಿ ಕೂಡಿಸಿದರೆ ಸಂಸಾರ ನಡೆಯೋದಿಲ್ಲ. ಅಂಗಡಿಯವರು ಅರ್ಧ ದುಡ್ಡು ವಾಪಸ್ ಕೊಟ್ಟರು, ಅದೂ ಎರಡು ಚಹಾ ಕುಡಿಸಿ. ಮೂರನೇ ಭಾನುವಾರ ನಂಬರ್ ಕೂಡುವ ಜೋಡಿ ಸಿಕ್ಕಿತು. ಬೇರಿಂಗ್ ಮತ್ತು ಆಯಿಲ್ ಸೀಲ್ ಮಾತ್ರ ಹೊಸದೇ ತಂದೆ.

ಗೆಳೆಯನೊಬ್ಬ "ಸ್ಟಾರ್ ಪಿನಿಯನ್‌ಗೆ ವೆಲ್ಡಿಂಗ್ ಹೊಡೆಸಿಬಿಡು, ಎರೆಯಾಗ ಸಿಗೇ ಬೀಳಲ್ಲ" ಅಂದ. ಅಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಹಲ್ಲುಗಳನ್ನೇ ಬೆಸೆದುಬಿಡೋದು. ಹೊಲದಲ್ಲಿ ಸರಿ. ಡಾಂಬರಿನ ಮೇಲೆ ತಿರುವಿನಲ್ಲಿ ಎರಡೂ ಗಾಲಿ ಒಂದೇ ಸಮ ತಿರುಗಬೇಕಾಗಿ ಟೈರು ಉಜ್ಜಿ ಹೋಗುತ್ತದೆ, ಆಕ್ಸಲ್ ಶಾಫ್ಟ್ ಮುರಿದರೂ ಆಶ್ಚರ್ಯವಿಲ್ಲ. ಒಂದು ಗಾಲಿ ಜಾರಿದಾಗ ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಮೆಲ್ಲಗೆ ಎಕ್ಸಿಲೇಟರ್ ಕೊಡೋದು ನನ್ನ ಉಪಾಯ. ಬ್ರೇಕ್ ಹಿಂದಿನ ಡ್ರಮ್‌ಗೆ ಹಿಡಿಯುವ ಗಾಡಿಯಲ್ಲಿ ಮಾತ್ರ ಇದು ನಡೆಯುತ್ತದೆ. ಸ್ವಲ್ಪ ಮಟ್ಟಿಗೆ, ಅಷ್ಟೇ.

ಬಿಚ್ಚಿದ್ದು

ಕವರಿನ 10 ಬೋಲ್ಟ್ ಬಿಚ್ಚಿದರೆ ಸುರಿದದ್ದು ಆಯಿಲ್ ಅಲ್ಲ, ಹಾಲು ಜಾಸ್ತಿಯಾದ ಚಹಾ. ನೀರು ಸೇರಿದೆ. ಹೌಸಿಂಗ್ ಮೇಲಿನ ಬ್ರೀದರ್, ಅಂದರೆ ಗಾಳಿಯಾಡೋ ತೂತು, ಎರೆ ಮಣ್ಣಿನಿಂದ ಕಲ್ಲಿನಂತೆ ಮುಚ್ಚಿಹೋಗಿತ್ತು. ಬಿಸಿ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಈಗ ಅದಕ್ಕೊಂದು ರಬ್ಬರ್ ಪೈಪ್ ಹಾಕಿ ಚಾಸಿ ಮೇಲೆ ತಂದಿದ್ದೇನೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗ ಇದು.

ಬೇರಿಂಗ್ ಕ್ಯಾಪ್‌ಗಳಿಗೆ ಬಿಚ್ಚೋ ಮೊದಲೇ ಪಂಚ್‌ನಿಂದ ಗುರುತು ಹಾಕಿದೆ: ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಅವನ್ನು ಕೂರಿಸಿಯೇ ಕೊರೆದಿರುತ್ತಾರೆ, ಅದಲು ಬದಲಾದರೆ ಬೇರಿಂಗ್ ಸರಿ ಕೂರೋದಿಲ್ಲ.

ಶಿಮ್ಮಿನ ಹತ್ತು ದಿನ

ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದೇವೆ. ನೆಲ ಸಪಾಟು, ಬಿದ್ದ ಶಿಮ್, ಅಂದರೆ ಸಂದಿಗೆ ಕೊಡೋ ತೆಳು ತಗಡಿನ ಬಳೆ, ಕಾಣುತ್ತದೆ. ಮಣ್ಣಿನ ಅಂಗಳದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನೋದನ್ನು ಒಳ ಬೇರಿಂಗ್ ಕಪ್ಪಿನ ಹಿಂದಿನ ಶಿಮ್ ನಿರ್ಧರಿಸುತ್ತದೆ. ಹಳೇ ಶಿಮ್ಮನ್ನೇ ಹಾಕಿದೆ. ಕ್ರೌನ್ ಹಲ್ಲಿಗೆ ಬಿಳಿ ಬಣ್ಣ ಆಯಿಲ್‌ನಲ್ಲಿ ಕಲಸಿ ಹಚ್ಚಿ ತಿರುಗಿಸಿದರೆ ಗುರುತು ಹಲ್ಲಿನ ಬುಡದಲ್ಲಿ ಬಿತ್ತು. ಅಂದರೆ ಪಿನಿಯನ್ ಅತಿಯಾಗಿ ಒಳಗಿದೆ. ಚೂರು ಚೂರೇ ಶಿಮ್ ತೆಗೆದೆ. ಪ್ರತಿ ಸಲವೂ ಕಪ್ ಹೊಡೆದು ತೆಗಿ, ಮತ್ತೆ ಕೂರಿಸು. ನಾಲ್ಕನೇ ಸಲ ಗುರುತು ನಡುವಿಗೆ ಬಂತು. ಒಟ್ಟು ತೆಗೆದದ್ದು 0.1 ಮಿ.ಮೀ.

ಆಮೇಲೆ ಸುಮ್ನೆ ಪಿನಿಯನ್ ತಲೆ ನೋಡುತ್ತಾ ಕೂತಿದ್ದೆ. ಹಳೆಯದರ ಮೇಲೆ 0, ಹೊಸದರ ಮೇಲೆ +4 ಅಂತ ಕೆತ್ತಿದೆ. ಅದು ಇಂಚಿನ ಸಾವಿರದ ಲೆಕ್ಕ. ಪ್ಲಸ್ ಇದ್ದಷ್ಟು ಶಿಮ್ ಕಡಿಮೆ ಮಾಡಬೇಕು. ಸಾವಿರದ ನಾಲ್ಕು ಅಂದರೆ 0.1 ಮಿ.ಮೀ. ಮೊದಲ ದಿನವೇ ಅಲ್ಲೇ ಬರೆದಿತ್ತು!

ಕೇಸ್ ಪಕ್ಕದ ಬೇರಿಂಗ್‌ಗಳಿಗೆ ಉಸ್ತಾದ್ ಒಂದು ದಾರಿ ಹೇಳಿಕೊಟ್ಟರು. ಹಳೇ ಬೇರಿಂಗಿನ ಒಳಗನ್ನು ಉಜ್ಜಿ ಸಡಿಲ ಮಾಡಿ, ಪರೀಕ್ಷೆಗೆ ಅದನ್ನೇ ಬಳಸೋದು. ಪುಲ್ಲರ್ ಹಾಕಿ ಎಳೆದಾಡೋದು ತಪ್ಪಿತು. ಸೂಕ್ಷ್ಮ ಅಳತೆಯ ಡಯಲ್ ಗೇಜ್ ಅವರದೇ, ಮಗುವಿನಂತೆ ಬಟ್ಟೆ ಸುತ್ತಿ ತಂದಿದ್ದರು. ಬ್ಯಾಕ್‌ಲ್ಯಾಶ್, ಅಂದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ, 0.15ರಿಂದ 0.25 ಮಿ.ಮೀ. ಒಳಗೆ ಇರಬೇಕು, ನನ್ನದು 0.2ಕ್ಕೆ ನಿಂತಿತು. ಡಿಫರೆನ್ಷಿಯಲ್ ಒಳಗೆ ಕೂರಿಸುವಾಗ ಹೌಸಿಂಗ್ ಅಗಲಿಸೋ ಸಾಧನ ನಮ್ಮಲ್ಲಿಲ್ಲ. ಎರಡು ಸಬ್ಬಲ್, ಮೂವರು ಜನ, ಒಂದಿಷ್ಟು ಬೈಗುಳ.

ಮೊದಲ ಓಟ, ಮತ್ತೆ ಬಿಚ್ಚಿದ್ದು

ಇಪಿ 90 ಗೇರ್ ಆಯಿಲ್ ತುಂಬಿ ಮೆಲ್ಲಗೆ 20 ಕಿ.ಮೀ. ಓಡಿಸಿದೆ. ಎಕ್ಸಿಲೇಟರ್ ಕೊಟ್ಟಾಗ ಸದ್ದೇ ಇಲ್ಲ. ಬಿಟ್ಟ ಕೂಡಲೇ ಗುಂಯ್ ಅಂತ ಒಂದು ಕೊರಗು. ಉಸ್ತಾದ್ ಒಮ್ಮೆ ಕೂತು ಬಂದರು. "ಪಿನಿಯನ್ ಬೇರಿಂಗ್ ಸಡಲ್ ಆಗ್ಯಾದ. ನಟ್ ಹೊಸಾದು ಹಾಕಿದ್ರ್ಯಾ?"

ಹಾಕಿರಲಿಲ್ಲ. ಎಷ್ಟೋ ಸಾವಿರ ಖರ್ಚು ಮಾಡಿ ಒಂದು ನಟ್‌ನಲ್ಲಿ ಉಳಿತಾಯ ಮಾಡಿದ್ದೆ. ಹಳೇ ಲಾಕ್ ನಟ್ ಎರಡನೇ ಸಲ ಹಿಡಿತ ಕೊಡೋದಿಲ್ಲ. ಶಾಫ್ಟ್ ಇಳಿಸಿ, ಹೊಸ ನಟ್ ಹಾಕಿ, ಉದ್ದ ಪೈಪ್ ಸಿಗಿಸಿದ ಪಾನಾದಲ್ಲಿ ಬಿಗಿಸಿದೆವು. ಕೊರಗು ಹೋಯಿತು.

ಎಳ್ಳಮಾವಾಸ್ಯೆ

ಬಜ್ಜಿ, ಸಜ್ಜಿ ರೊಟ್ಟಿ, ಮಕ್ಕಳು, ಕಾಕಾ, ಎಲ್ಲರನ್ನೂ ಹೇರಿಕೊಂಡು ಹೊಲಕ್ಕೆ ಹೊರಟೆ. ಮೀಟರ್ 60 ತೋರಿಸುತ್ತಿತ್ತು. ಗಾಡಿ ಯಾಕೋ ಜೋರಾಗಿ ಹೋಗುತ್ತಿದೆ ಅನ್ನಿಸಿ ಹೆಂಡತಿಗೆ ಫೋನಿನ ಜಿಪಿಎಸ್ ನೋಡು ಅಂದೆ. 71! ಮೀಟರಿನ ಕೇಬಲ್ ಗೇರ್‌ಬಾಕ್ಸ್ ಕಡೆಯದು, ಹಿಂದೆ ಹಲ್ಲು ಬದಲಾದದ್ದು ಅದಕ್ಕೇನು ಗೊತ್ತು. ತಕ್ಷಣ ನಿಧಾನ ಮಾಡಿದೆ. ಮೀಟರ್ ಗೇರ್ ಸಿಗೋವರೆಗೆ ಗಾಜಿನ ಮೇಲೆ 51ರ ಹತ್ತಿರ ಕೆಂಪು ಚುಕ್ಕೆ ಇಟ್ಟಿದ್ದೇನೆ, ಅದೇ ನಿಜವಾದ 60.

ಹೆಂಡತಿ ದಾರಿಯುದ್ದಕ್ಕೂ ಮಾತಾಡಿದಳು, ಎಲ್ಲವೂ ಕೇಳಿಸಿತು. ಅದು ಲಾಭವೋ ಅಂತ ಕಾಕಾ ಕೇಳಿದರು.

ವಾಪಸ್ ಬರುವಾಗ ಅಪ್ಪ ಓಡಿಸಿದರು. ಮೊದಲು ನಾಲ್ಕರಲ್ಲಿ ಹತ್ತುತ್ತಿದ್ದ ಏರಿಗೆ ಈಗ ಮೂರು ಹಾಕಬೇಕಾಯಿತು. ಏನೂ ಅನ್ನಲಿಲ್ಲ, ಗೇರ್ ಹಾಕುವಾಗ ನನ್ನ ಕಡೆ ಒಮ್ಮೆ ನೋಡಿದರು. ಹಸಿ ಎರೆಯಲ್ಲಿ ಮೊದಲ ಗೇರಿನಲ್ಲಿ ಎದ್ದೇಳುವಾಗ ಕ್ಲಚ್ ಮೇಲೆ ಭಾರ ಬೀಳೋದೂ ನಿಜ. ದಿನಾ ಕಲ್ಲು ಹೇರೋ ಗಾಡಿ ಆಗಿದ್ದರೆ ನಾನು 5.38ನ್ನು ಮುಟ್ಟುತ್ತಿರಲಿಲ್ಲ.

800 ಕಿ.ಮೀ.ಗೆ ಮೊದಲ ಆಯಿಲ್ ಬದಲಾವಣೆ. ಅಲ್ಲಿವರೆಗೆ ತೊಗರಿ ಟ್ರ್ಯಾಕ್ಟರ್‌ನಲ್ಲಿ ಹೋಗಲಿ ಅಂದಿದ್ದೇನೆ. ಹಳೇ 43-8ರ ಜೋಡಿಯನ್ನು ಗ್ರೀಸ್ ಹಚ್ಚಿ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ ಅಂತ ಅಪ್ಪ ಹೇಳಿದರು. ಇಟ್ಟಿದ್ದೇನೆ.